ಅಜೋರ್ಸ್ ದ್ವೀಪಗಳಲ್ಲಿ ಮನೆತನದ ಬೇರು ಹುಡುಕುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಬೀಗರ ಮನೆತನದ ಹೆಸರು ಕಿಂಗ್. ಮೊಮ್ಮಗನಿಗೆ ವಂಶವೃಕ್ಷ ಬರೆದುಕೊಡೋಣ ಎಂದು ಕೂತಾಗ ನಮ್ಮ ಕಡೆಯದು ಏಳು ತಲೆಯವರೆಗೆ ಸಲೀಸಾಗಿ ಬಂತು. ಬೆಳಗಾವಿ ಸೀಮೆಯ ನಮ್ಮ ಊರಿಗೆ ಸುಗ್ಗಿಯ ನಂತರ ಎತ್ತಿನ ಸಮೇತ ಬರುತ್ತಿದ್ದ ಹೆಳವರು ಹೊತ್ತಿಗೆ ಬಿಚ್ಚಿ ಹಿರಿಯರ ಹೆಸರು ಓದುವಾಗ ನಮ್ಮ ಅಪ್ಪ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಬೀಗರ ಕಡೆಯದು ಮಾತ್ರ ಮುತ್ತಜ್ಜನ ಹತ್ತಿರವೇ ನಿಂತುಬಿಟ್ಟಿತು. ಪೋರ್ಚುಗಲ್‌ನಿಂದ ಬಂದವರು, ಹೈನ ಮಾಡಿಕೊಂಡಿದ್ದವರು ಎನ್ನುವುದರ ಆಚೆಗೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಅವರು ಬಂದದ್ದು ಪೋರ್ಚುಗಲ್ ನೆಲದಿಂದಲ್ಲ. ಲಿಸ್ಬನ್‌ನಿಂದ ಪಶ್ಚಿಮಕ್ಕೆ ಸುಮಾರು 1,500 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಇರುವ, ಪೋರ್ಚುಗಲ್‌ಗೇ ಸೇರಿದ ಅಜೋರ್ಸ್ ಎಂಬ ಒಂಬತ್ತು ದ್ವೀಪಗಳಿಂದ. ಅಮೆರಿಕ, ಕೆನಡಾ, ಬ್ರೆಜಿಲ್‌ಗಳಲ್ಲಿ ಪೋರ್ಚುಗೀಸ್ ಮೂಲದವರೆಂದು ಹೇಳಿಕೊಳ್ಳುವ ಬಹಳಷ್ಟು ಮನೆಗಳ ಕಥೆ ಹೀಗೇ ಇದೆ. ಹೊರದೇಶಗಳಲ್ಲಿ ನಮ್ಮ ಕನ್ನಡದ ಮನೆಗಳಿಗೂ ಇಂಥ ಸಂಬಂಧಗಳು ಕೂಡಿಬರುತ್ತಿರುವುದರಿಂದ, ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿ ಕೂರಬೇಕು. ಅಜೋರ್ಸ್‌ನಲ್ಲಿ ಜನರನ್ನು ಹಿಡಿದಿಟ್ಟಿರುವುದು ಮನೆತನದ ಹೆಸರಲ್ಲ, ಊರು. ಅಲ್ಲಿಯ ಭಾಷೆಯಲ್ಲಿ ಅದಕ್ಕೆ ಫ್ರೆಗೆಸಿಯಾ ಎನ್ನುತ್ತಾರೆ. ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಗ್ರಾಮ ಎಂದು ತಿಳಿದುಕೊಳ್ಳಿ. ಅದು ಗೊತ್ತಾದರೆ ಮನೆಯಲ್ಲೇ ಕೂತು ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗಬಹುದು. ಅದು ಗೊತ್ತಿಲ್ಲದೆ ಬರೀ ಹೆಸರು ಹಿಡಿದು ಹೊರಟರೆ ಯಾರದೋ ಮನೆಯ ಅಜ್ಜನನ್ನು ತಂದು ನಮ್ಮ ಗೋಡೆಗೆ ತೂಗುಹಾಕುತ್ತೇವೆ.

ದ್ವೀಪಗಳ ಪರಿಚಯ

ಪೂರ್ವದಲ್ಲಿ ಸಾಂತಾ ಮರಿಯಾ ಮತ್ತು ಸಾವೊ ಮಿಗೆಲ್. ನಡುವೆ ತೆರ್ಸೈರಾ, ಗ್ರಾಸಿಯೋಸಾ, ಸಾವೊ ಜೊರ್ಜೆ, ಪಿಕೊ, ಫಯಾಲ್. ದೂರದ ಪಶ್ಚಿಮದಲ್ಲಿ ಫ್ಲೋರೆಸ್ ಮತ್ತು ಕೊರ್ವೊ. 2021ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ ಸುಮಾರು 2,36,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾವೊ ಮಿಗೆಲ್‌ನಲ್ಲೇ ಇದ್ದಾರೆ. ಕೊರ್ವೊದಲ್ಲಿ ಇರುವುದು ಒಂದೇ ಊರು, ನಾನೂರರ ಆಸುಪಾಸಿನ ಜನ.

ಹದಿನೈದನೇ ಶತಮಾನದಲ್ಲಿ ಪೋರ್ಚುಗೀಸರು ಬಂದಾಗ ಇಲ್ಲಿ ಜನವಸತಿ ಇರಲಿಲ್ಲ. ಹಾಗಾಗಿ ಪ್ರತಿಯೊಂದು ಮನೆತನವೂ ಎಂದೋ ಒಂದು ದಿನ ಹಡಗಿನಿಂದ ಇಳಿದದ್ದೇ. ಹೆಚ್ಚಿನವರು ಪೋರ್ಚುಗಲ್‌ನವರು. ಫಯಾಲ್ ಕಡೆ ಫ್ಲಾಂಡರ್ಸ್‌ನಿಂದ, ಅಂದರೆ ಈಗಿನ ಬೆಲ್ಜಿಯಂ ಕಡೆಯಿಂದ, ಬಂದವರೂ ನೆಲೆಸಿದರು. ಅಲ್ಲಿಯ ಹೊರ್ತಾ ಪಟ್ಟಣದ ಹೆಸರನ್ನು ಆ ಗುಂಪಿನ ನಾಯಕ ಯೋಸ್ ವಾನ್ ಹುರ್ಟೆರ್ ಜೊತೆ ಸೇರಿಸಿ ಹೇಳುತ್ತಾರೆ. ದುತ್ರಾ, ಸಿಲ್ವೈರಾ, ಬ್ರುಮ್ ಎಂಬ ಹೆಸರುಗಳಿಗೂ ಆ ಕಡೆಯ ಮೂಲ ಹೇಳುವುದುಂಟು. ಆದರೆ ಸಿಲ್ವೈರಾ ಎಂದ ಮಾತ್ರಕ್ಕೆ ಫ್ಲಾಂಡರ್ಸ್‌ನವರು ಎಂದು ತೀರ್ಮಾನಿಸಬೇಡಿ. ಕಾರಣ ಮುಂದೆ ಬರುತ್ತದೆ.

ನಮ್ಮ ಕರಾವಳಿಗೂ ಈ ದ್ವೀಪಗಳಿಗೂ ಒಂದು ನಿಜವಾದ ಕೊಂಡಿ ಇದೆ. ಗೋವಾ, ಕೊಚ್ಚಿಗಳಿಂದ ಮೆಣಸು ತುಂಬಿಕೊಂಡು ಹಿಂದಿರುಗುವ ಹಡಗುಗಳು ತೆರ್ಸೈರಾದ ಅಂಗ್ರಾ ಬಂದರಿನಲ್ಲಿ ತಂಗುತ್ತಿದ್ದವು. ವಾಸ್ಕೊ ಡ ಗಾಮನ ಅಣ್ಣ ಪಾವ್ಲೊ 1499ರಲ್ಲಿ ಭಾರತದಿಂದ ಮರಳುವಾಗ ಕಾಯಿಲೆಬಿದ್ದು ಸತ್ತದ್ದು, ಮಣ್ಣಾದದ್ದು ಅಲ್ಲೇ.

ಹಾಗೆಂದು ಮಂಗಳೂರಿನ ಪಿರೇರಾ, ಡಿಸಿಲ್ವಾ, ರೊಡ್ರಿಗಸ್ ಮನೆಯವರು ಈ ದ್ವೀಪಗಳ ದಾಖಲೆಯಲ್ಲಿ ತಮ್ಮ ಪೂರ್ವಜರನ್ನು ಹುಡುಕಲು ಹೊರಡಬಾರದು. ಕರಾವಳಿಯ ಕ್ರೈಸ್ತರಿಗೆ ಆ ಹೆಸರುಗಳು ಬಂದದ್ದು ಸಾಮಾನ್ಯವಾಗಿ ಜ್ಞಾನಸ್ನಾನದ ಸಮಯದಲ್ಲಿ, ಪಾದ್ರಿಯಿಂದಲೋ ಗಾಡ್‌ಫಾದರ್‌ನಿಂದಲೋ. ಹೆಸರು ಒಂದೇ ಇದ್ದರೂ ಅವರ ಬೇರು ಗೋವಾ, ಕೊಂಕಣದ ಮಣ್ಣಿನಲ್ಲಿದೆ.

ಹೆಜ್ಜೆ 1: ಯಾವ ಅಲೆಯಲ್ಲಿ ಹೊರಟವರು ಎಂದು ಗುರುತಿಸಿ

ಕುಟುಂಬ ಈಗ ಎಲ್ಲಿದೆ, ಯಾವ ಕಾಲಕ್ಕೆ ಬಂತು ಎನ್ನುವುದರಿಂದಲೇ ದ್ವೀಪದ ಸುಳಿವು ಸಿಗುತ್ತದೆ. ದಕ್ಷಿಣ ಬ್ರೆಜಿಲ್‌ನ ಸಾಂತಾ ಕತರಿನಾ, ರಿಯೊ ಗ್ರಾಂಡೆ ದೊ ಸುಲ್ ಕಡೆಯವರಾದರೆ 1748ರಿಂದ 1756ರ ನಡುವೆ ರಾಜಾಜ್ಞೆಯ ಮೇಲೆ ಗಂಡ ಹೆಂಡತಿ ಮಕ್ಕಳ ಸಮೇತ ಕಳಿಸಿದ ಸುಮಾರು ಆರು ಸಾವಿರ ಜನರ ಸಂತತಿ ಇರಬಹುದು. ಹವಾಯಿಯ ಕಬ್ಬಿನ ತೋಟಗಳಿಗೆ 1878ರಲ್ಲಿ ಶುರುವಾದ ವಲಸೆಯಲ್ಲಿ ಪೋರ್ಚುಗಲ್‌ನ ಇನ್ನೊಂದು ದ್ವೀಪವಾದ ಮದೀರಾದವರ ಜೊತೆ ಸಾವೊ ಮಿಗೆಲ್‌ನವರು ಹೋದರು. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಬಟ್ಟೆ ಗಿರಣಿಗಳಲ್ಲಿ ದುಡಿದವರಲ್ಲೂ ಸಾವೊ ಮಿಗೆಲ್‌ನವರೇ ಹೆಚ್ಚು.

ಕ್ಯಾಲಿಫೋರ್ನಿಯಾದ ಹೈನುಗಾರರ ಮೂಲ ಹೆಚ್ಚಾಗಿ ನಡುಗುಂಪಿನದು: ಪಿಕೊ, ಫಯಾಲ್, ಸಾವೊ ಜೊರ್ಜೆ, ತೆರ್ಸೈರಾ. ಇದರ ಹಿಂದೆ ತಿಮಿಂಗಿಲದ ಬೇಟೆ ಇದೆ. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಬಂದರಿನ ಬೇಟೆ ಹಡಗುಗಳು ನೀರು, ತರಕಾರಿ, ಆಳುಗಳಿಗಾಗಿ ಫಯಾಲ್, ಫ್ಲೋರೆಸ್‌ಗಳಲ್ಲಿ ನಿಲ್ಲುತ್ತಿದ್ದವು. ಸೈನ್ಯಕ್ಕೆ ಸೇರಬೇಕಾಗುವ ವಯಸ್ಸಿನ ಹುಡುಗರು ರಾತ್ರಿ ದೋಣಿಯಲ್ಲಿ ಹೋಗಿ ಹಡಗು ಹತ್ತಿಬಿಡುತ್ತಿದ್ದರು. ಹಾಗೆ ಕದ್ದು ಹೊರಟವರಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ಅವರ ಹೆಸರು ಸಿಗುವುದು ನ್ಯೂ ಬೆಡ್‌ಫರ್ಡ್ ಹಡಗುಗಳ ಸಿಬ್ಬಂದಿ ಪಟ್ಟಿಯಲ್ಲಿ.

ಕೆನಡಾಕ್ಕೆ 1953ರಿಂದ ಹೋದವರಿದ್ದಾರೆ. ಇನ್ನು 1957ರ ಸೆಪ್ಟೆಂಬರ್ 27ರಂದು ಫಯಾಲ್ ಕರಾವಳಿಯ ಕಪೆಲಿನ್ಯೊಸ್‌ನಲ್ಲಿ ಸಮುದ್ರದೊಳಗಿಂದ ಜ್ವಾಲಾಮುಖಿ ಎದ್ದು, ಹದಿಮೂರು ತಿಂಗಳು ಬೂದಿ ಸುರಿದು ಮನೆ ಹೊಲಗಳನ್ನು ಹೂತುಹಾಕಿತು. 1958ರಲ್ಲಿ ಅಮೆರಿಕ ಈ ನಿರಾಶ್ರಿತರಿಗೆಂದೇ ಒಂದು ಕಾಯ್ದೆ ಮಾಡಿತು. ಆಗ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಅದನ್ನು ಮುಂದಿಟ್ಟವರಲ್ಲಿ ಒಬ್ಬರು. ಆ ಬಾಗಿಲಿನಿಂದ ಬಂದ ಕುಟುಂಬಗಳಲ್ಲಿ ಊರಿನ ಹೆಸರು ಇನ್ನೂ ಬಾಯಲ್ಲೇ ಇರುತ್ತದೆ.

ಹೆಜ್ಜೆ 2: ಊರನ್ನು ಈಚೆ ದಡದಲ್ಲೇ ಹುಡುಕಿ

ಅವಸರಪಟ್ಟು ದ್ವೀಪದ ದಾಖಲೆಗೆ ಕೈಹಾಕಬೇಡಿ. ಊರಿನ ಹೆಸರು ಅಮೆರಿಕದ ಕಾಗದಗಳಲ್ಲೇ ಎಲ್ಲೋ ಅಡಗಿರುತ್ತದೆ. ಜನಗಣತಿಯಲ್ಲಿ ಪೋರ್ಚುಗಲ್ ಎಂದೋ, ಪಶ್ಚಿಮ ದ್ವೀಪಗಳು ಎಂದೋ, ಅಟ್ಲಾಂಟಿಕ್ ದ್ವೀಪಗಳು ಎಂದೋ ಬರೆದಿರುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. 1906ರ ನಂತರದ ಪೌರತ್ವದ ಅರ್ಜಿ ನೋಡಿ. ಅದರಲ್ಲಿ ಹುಟ್ಟಿದ ಸ್ಥಳ, ದಿನಾಂಕ, ಬಂದ ಹಡಗು ಎಲ್ಲ ಕೇಳುತ್ತಿದ್ದರು. ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಊರಿನಲ್ಲಿ ಉಳಿದ ಹತ್ತಿರದ ಬಂಧು ಯಾರು ಎಂಬ ಅಂಕಣವೂ ಇರುವುದುಂಟು. ಪೋರ್ಚುಗೀಸ್ ಇಗರ್ಜಿಯಲ್ಲಿ ಮದುವೆಯಾಗಿದ್ದರೆ ಅಲ್ಲಿಯ ದಾಖಲೆಯಲ್ಲಿ ವಧೂವರರ ಜ್ಞಾನಸ್ನಾನ ಎಲ್ಲಾಯಿತು ಎಂದು ಬರೆದಿರುವ ಸಾಧ್ಯತೆ ಬಹಳ. ಗೋರಿಕಲ್ಲು, ಮರಣದ ಸುದ್ದಿ, ಸಹಾಯ ಸಂಘಗಳ ವಿಮೆ ಕಾಗದ, ಹಳೆಯ ಟಪಾಲಿನ ಮೇಲಿನ ಮುದ್ರೆ, ಯಾವುದನ್ನೂ ಬಿಡಬೇಡಿ.

ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ. ನಮಗೆ ದಾರಿ ತೋರಿಸಿದ್ದು ಪವಿತ್ರಾತ್ಮದ ಹಬ್ಬದ ದಿನ, ಆ ಜನರ ಸಭಾಭವನದಲ್ಲಿ ಸಿಹಿಬ್ರೆಡ್ ಹಂಚುತ್ತಿದ್ದ ಒಬ್ಬ ಅಜ್ಜಿ. ಬೀಗಿತ್ತಿಯ ಹೆಸರು ಕೇಳಿದಾಗ ಅವರಿಗೆ ಏನೂ ಹೊಳೆಯಲಿಲ್ಲ. ಮುತ್ತಜ್ಜನನ್ನು ಜನ ಏನೆಂದು ಕರೆಯುತ್ತಿದ್ದರು ಎಂದು ಕೇಳಿ, ಆ ಅಡ್ಡಹೆಸರು ಹೇಳಿದ ತಕ್ಷಣ, ಅವರು ಸಾವೊ ಜೊರ್ಜೆಯ ಉರ್ಜೆಲಿನಾದವರಲ್ಲವೇ ಎಂದರು. ಅದನ್ನು ನಂಬಿ ಕೂರದೆ ಪೌರತ್ವದ ಕಾಗದ ತರಿಸಿದೆವು. ಊರು ಅದೇ ಇತ್ತು.

ಊರಿನ ಹೆಸರು ಸಿಕ್ಕ ಮೇಲೂ ಒಂದು ಗಂಡಾಂತರ ಇದೆ. ಒಂದೇ ಹೆಸರಿನ ಊರುಗಳು ಹಲವು ದ್ವೀಪಗಳಲ್ಲಿವೆ. ರಿಬೈರಿನ್ಯಾ ಎಂಬ ಊರು ತೆರ್ಸೈರಾ, ಫಯಾಲ್, ಪಿಕೊ, ಸಾವೊ ಮಿಗೆಲ್ ನಾಲ್ಕರಲ್ಲೂ ಇದೆ. ಲಾಜೆಸ್ ಎಂಬುದು ಪಿಕೊದಲ್ಲಿ, ಫ್ಲೋರೆಸ್‌ನಲ್ಲಿ, ತೆರ್ಸೈರಾದಲ್ಲಿ. ಪೊಂತಾ ದೆಲ್ಗಾಡಾ ಎಂದರೆ ಎಲ್ಲರೂ ಸಾವೊ ಮಿಗೆಲ್‌ನ ದೊಡ್ಡ ಪಟ್ಟಣ ಎಂದುಕೊಳ್ಳುತ್ತಾರೆ, ಆದರೆ ಫ್ಲೋರೆಸ್‌ನಲ್ಲೂ ಆ ಹೆಸರಿನ ಹಳ್ಳಿ ಇದೆ. ಆದ್ದರಿಂದ ದ್ವೀಪ, ಕನ್ಸೆಲ್ಯೊ ಅಂದರೆ ತಾಲ್ಲೂಕಿನಂಥ ಆಡಳಿತ ವಿಭಾಗ, ಫ್ರೆಗೆಸಿಯಾ, ಈ ಮೂರನ್ನೂ ಒಟ್ಟಿಗೇ ಬರೆದಿಟ್ಟುಕೊಳ್ಳಿ. ಇಡೀ ದ್ವೀಪಸಮೂಹದಲ್ಲಿ 19 ಕನ್ಸೆಲ್ಯೊಗಳಿವೆ.

ಹೆಜ್ಜೆ 3: ಹೆಸರಿನ ಪದ್ಧತಿ ಅರ್ಥಮಾಡಿಕೊಳ್ಳಿ

ಅಪ್ಪನ ಸರ್‌ನೇಮ್ ಮಗನಿಗೆ ಬಂದೇ ಬರುತ್ತದೆ ಎಂದು ನಂಬಿದವರಿಗೆ ಅಜೋರ್ಸ್ ತುಂಬಾ ಕಷ್ಟ. ಇನಿಷಿಯಲ್, ಊರ ಹೆಸರು, ಅಪ್ಪನ ಹೆಸರು ಎಂದು ಬೆಳೆದ ನಮಗೆ ಅಷ್ಟು ಕಷ್ಟವಿಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿಗೆ ಒಂದೇ ಹೆಸರು: ಮನುಯೆಲ್, ಮರಿಯಾ, ಜೊಜೆ. ಮುಂದಿನ ಭಾಗ ಸೇರುವುದು ದೊಡ್ಡವರಾದ ಮೇಲೆ. ಒಬ್ಬ ಮಗ ಅಪ್ಪನ ಕಡೆಯದನ್ನು, ಇನ್ನೊಬ್ಬ ತಾಯಿಯ ಕಡೆಯದನ್ನು, ಮತ್ತೊಬ್ಬ ಗಾಡ್‌ಫಾದರ್‌ನದನ್ನು ತೆಗೆದುಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಭಕ್ತಿಯ ಹೆಸರು: ದೆ ಜೆಜುಸ್, ದ ಕೊನ್ಸೆಯ್ಸಾವೊ, ದೊ ರೊಜಾರಿಯೊ, ದೊ ಎಸ್ಪಿರಿತೊ ಸಾಂತೊ. ಇವು ಮನೆತನಗಳಲ್ಲ. ಒಂದೇ ಊರಿನ ನೂರು ಮರಿಯಾ ದೆ ಜೆಜುಸ್‌ಗಳಿಗೆ ಪರಸ್ಪರ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಮದುವೆಯ ನಂತರ ಹೆಂಗಸರು ಹೆಸರು ಬದಲಿಸುತ್ತಿದ್ದುದೂ ಕಡಿಮೆ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುತ್ತಿದ್ದರು, ಆದ್ದರಿಂದ ಮೊದಲು ಸಿಕ್ಕ ಮನುಯೆಲ್‌ನನ್ನೇ ನಮ್ಮವನೆಂದು ಹಿಡಿಯದೆ ಮುಂದಿನ ಹತ್ತು ವರ್ಷದ ಪುಟಗಳನ್ನೂ ನೋಡಬೇಕು.

ಕಡಲು ದಾಟಿದ ಮೇಲೆ ಹೆಸರು ಮತ್ತೆ ಬದಲಾಗುತ್ತಿತ್ತು. ಪೆರೈರಾ ಪೆರ್ರಿ ಆದರು, ರೊಡ್ರಿಗೆಸ್ ರೋಜರ್ಸ್ ಆದರು, ಒಲಿವೈರಾ ಆಲಿವರ್, ಇನಾಸಿಯೊ ಈನೋಸ್. ರೈಸ್ ಎಂದರೆ ಪೋರ್ಚುಗೀಸ್‌ನಲ್ಲಿ ಅರಸರು. ಅದು ಕಿಂಗ್ ಆಯಿತು. ನಮ್ಮ ಬೀಗರ ಮುತ್ತಜ್ಜನಿಗೆ ಊರಿನಲ್ಲಿ ಇದ್ದದ್ದು ದುಸ್ ರೈಸ್ ಎಂಬ ಹೆಸರು. ಆದರೆ ಅವರ ತಂದೆ ರೈಸ್ ಅಲ್ಲವೇ ಅಲ್ಲ, ಸಿಲ್ವೈರಾ. ಮಗು ಹುಟ್ಟಿದ್ದು ಜನವರಿ 6ರಂದು, ಮೂವರು ಅರಸರ ಹಬ್ಬದ ದಿನ. ಆ ಹಬ್ಬವೇ ಅವರ ಹೆಸರಾಯಿತು, ಅದೇ ಕ್ಯಾಲಿಫೋರ್ನಿಯಾದಲ್ಲಿ ಕಿಂಗ್ ಆಗಿ ಕೂತಿತು. ನಾವು ಮೂರು ತಿಂಗಳು ರೈಸ್ ಮನೆತನ ಹುಡುಕಿದ್ದೆವು.

ಹೆಜ್ಜೆ 4: ದಾಖಲೆ ಎಲ್ಲಿದೆ

ಹೆಳವರ ಕೆಲಸವನ್ನು ಅಲ್ಲಿ ಊರಿನ ಪಾದ್ರಿಗಳು ಮಾಡಿದ್ದಾರೆ. 1563ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ, ಮದುವೆಗಳ ಪುಸ್ತಕ ಇಡಲೇಬೇಕೆಂದು ವಿಧಿಸಿತು. ಪೋರ್ಚುಗಲ್‌ನಲ್ಲಿ ಸಾವಿನ ಪುಸ್ತಕಗಳೂ ಬಂದವು. 1911ರಲ್ಲಿ ಗಣರಾಜ್ಯ ಸರ್ಕಾರ ಎಲ್ಲರಿಗೂ ನಾಗರಿಕ ನೋಂದಣಿ ಕಡ್ಡಾಯ ಮಾಡಿ ಇಗರ್ಜಿಯ ಪುಸ್ತಕಗಳನ್ನು ವಶಕ್ಕೆ ತೆಗೆದುಕೊಂಡಿತು. ಅವು ಈಗ ಮೂರು ಪ್ರಾದೇಶಿಕ ಪತ್ರಾಗಾರಗಳಲ್ಲಿವೆ. ಪೊಂತಾ ದೆಲ್ಗಾಡಾದ್ದು ಸಾವೊ ಮಿಗೆಲ್ ಮತ್ತು ಸಾಂತಾ ಮರಿಯಾಕ್ಕೆ. ಅಂಗ್ರಾ ದೊ ಎರೊಯಿಸ್ಮೊದ್ದು ತೆರ್ಸೈರಾ, ಸಾವೊ ಜೊರ್ಜೆ, ಗ್ರಾಸಿಯೋಸಾಗಳಿಗೆ. ಹೊರ್ತಾದ್ದು ಫಯಾಲ್, ಪಿಕೊ, ಫ್ಲೋರೆಸ್, ಕೊರ್ವೊಗಳಿಗೆ.

ಪುಟಗಳ ಚಿತ್ರಗಳನ್ನು ಪ್ರಾದೇಶಿಕ ಸರ್ಕಾರದ ಸಂಸ್ಕೃತಿ ವಿಭಾಗ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ದ್ವೀಪ, ಕನ್ಸೆಲ್ಯೊ, ಫ್ರೆಗೆಸಿಯಾ, ದಾಖಲೆಯ ಬಗೆ, ವರ್ಷ ಎಂದು ಒಂದೊಂದೇ ಆರಿಸಿಕೊಂಡು ಹೋಗಬೇಕು. ವಂಶಾವಳಿ ಹುಡುಕುವವರ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲೂ ಅನೇಕ ಪುಸ್ತಕಗಳ ಚಿತ್ರಗಳಿವೆ. ತೊಂಬೊ ಎಂಬ ಜಾಲತಾಣ ಇಡೀ ಪೋರ್ಚುಗಲ್‌ನ ಊರುಗಳ ದಾಖಲೆಗಳಿಗೆ ಕೊಂಡಿಗಳನ್ನು ಜೋಡಿಸಿಟ್ಟಿದೆ. ಹೆಸರು ಟೈಪ್ ಮಾಡಿದರೆ ಎಲ್ಲವೂ ಬಂದುಬಿಡುತ್ತದೆ ಎಂದು ಎಣಿಸಬೇಡಿ. ಪುಟ ಪುಟ ತಿರುವಬೇಕು. ಪುಸ್ತಕದ ಕೊನೆಗೆ ಅನುಕ್ರಮಣಿಕೆ ಇದ್ದರೂ ಅದು ಸಾಮಾನ್ಯವಾಗಿ ಮೊದಲ ಹೆಸರಿನ ಅಕ್ಷರಕ್ಕೆ ತಕ್ಕಂತೆ ಇರುತ್ತದೆ: ಅಂತೋನಿಯೊಗಳೆಲ್ಲ ಒಂದು ಕಡೆ, ಮರಿಯಾಗಳೆಲ್ಲ ಒಂದು ಕಡೆ.

1911ರ ನಂತರದವರಿಗೆ ಆಯಾ ಕನ್ಸೆಲ್ಯೊದ ನೋಂದಣಿ ಕಚೇರಿಗೆ ಬರೆದು ಪೂರ್ಣ ನಕಲು ಕೇಳಬೇಕು. ಅದರ ಅಂಚಿನಲ್ಲಿ ಮುಂದಿನ ಮದುವೆ, ಸಾವುಗಳ ಟಿಪ್ಪಣಿ ಇರುತ್ತದೆ, ಆದ್ದರಿಂದ ಸಂಕ್ಷಿಪ್ತ ಪತ್ರ ಸಾಲದು.

ಹೆಜ್ಜೆ 5: ಪುಟ ಓದುವುದು

ಮೊದಲ ಸಲ ಚಿತ್ರ ತೆರೆದಾಗ ಕಣ್ಣಿಗೆ ಬೀಳುವುದು ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಹಿಂಬದಿಯ ಬರಹ ಈಚೆಗೆ ಮೂಡಿದ ಕಾಗದ, ಕೊಂಕು ಕೊಂಕಾದ ಅಕ್ಷರ. ಎದೆಗುಂದಬೇಡಿ. ಪಾದ್ರಿಗಳು ಒಂದೇ ಒಕ್ಕಣೆಯನ್ನು ಜೀವನಪೂರ್ತಿ ಬರೆದಿದ್ದಾರೆ. ನಮ್ಮ ಹಳೆಯ ಕ್ರಯಪತ್ರಗಳ ಹಾಗೆ, ಒಂದನ್ನು ಪೂರ್ತಿ ಬಿಡಿಸಿದರೆ ಉಳಿದವು ತಾವೇ ಬಿಚ್ಚಿಕೊಳ್ಳುತ್ತವೆ. ಇತ್ತೀಚಿನ ಪುಸ್ತಕದಿಂದ ಶುರುಮಾಡಿ ಹಿಂದಕ್ಕೆ ಹೋಗಿ. 1860ರಿಂದ ಒಕ್ಕಣೆ ಏಕರೂಪಕ್ಕೆ ಬಂತು: ವರ್ಷಕ್ಕೊಂದು ಪುಸ್ತಕ, ಪ್ರತಿ ನಮೂದಿಗೆ ಸಂಖ್ಯೆ, ಅಂಚಿನಲ್ಲಿ ಹೆಸರು.

ಬೀಗರ ಮುತ್ತಜ್ಜನ ಜ್ಞಾನಸ್ನಾನದ ಪುಟದಲ್ಲಿ ನಾನು ಬಿಡಿಸಿದ ಕ್ರಮ ಹೀಗಿತ್ತು. ಅಂಚಿನಲ್ಲಿ ಹೆಸರು ನೋಡಿದೆ. ಮೊದಲ ಸಾಲಿನಲ್ಲಿ ದಿನಾಂಕ, ಅಂಕಿಯಲ್ಲಲ್ಲ, ಅಕ್ಷರದಲ್ಲಿ. 'ಮಿಲ್ ಓಯ್ತೊಸೆಂತೊಸ್' ಎಂದರೆ ಸಾವಿರದ ಎಂಟುನೂರು. ಮುಂದೆ ಮಗು ಹುಟ್ಟಿದ ದಿನ ಬೇರೆಯಾಗಿ. ಆಮೇಲೆ 'ಫಿಲ್ಯೊ ಲೆಜಿತಿಮೊ' ಎಂಬ ಎರಡು ಪದ, ಅಂದರೆ ವಿವಾಹಿತ ದಂಪತಿಯ ಮಗ. ಅದರ ಹಿಂದೆಯೇ ಅಪ್ಪ ಅಮ್ಮನ ಹೆಸರು. 'ನತುರಾಲ್' ಎಂಬ ಪದ ಕಂಡಲ್ಲಿ ಕಣ್ಣು ನಿಲ್ಲಲಿ. ಅವರು ಯಾವ ಊರಿನಲ್ಲಿ ಹುಟ್ಟಿದವರು ಎಂಬುದು ಅಲ್ಲಿರುತ್ತದೆ. ತಾಯಿ ಪಿಕೊದವರು ಎಂದು ತಿಳಿದದ್ದು ಆ ಒಂದು ಪದದಿಂದ. 'ಅವೊಸ್ ಪತೆರ್ನೊಸ್' ಎಂದರೆ ತಂದೆಯ ಕಡೆಯ ಅಜ್ಜ ಅಜ್ಜಿ, 'ಮತೆರ್ನೊಸ್' ಎಂದರೆ ತಾಯಿಯ ಕಡೆಯವರು. ಒಂದೇ ಪುಟದಲ್ಲಿ ಮೂರು ತಲೆಮಾರು! ಕೊನೆಗೆ ಗಾಡ್‌ಫಾದರ್, ಗಾಡ್‌ಮದರ್. ಇವರನ್ನು ಖಂಡಿತ ಬರೆದುಕೊಳ್ಳಿ, ಬಹಳ ಸಲ ಚಿಕ್ಕಪ್ಪನೋ ಸೋದರತ್ತೆಯೋ ಆಗಿರುತ್ತಾರೆ.

'ಪಾಯ್ ಇನ್ಕೊಗ್ನಿತೊ' ಎಂದಿದ್ದರೆ ತಂದೆಯ ಹೆಸರು ದಾಖಲಾಗಿಲ್ಲ. 'ಎಸ್ಪೊಸ್ತೊ' ಎಂದರೆ ಬಿಟ್ಟುಹೋದ ಮಗು. ಇಂಥ ಕೂಸುಗಳನ್ನು ಸ್ವೀಕರಿಸಲು ಪಟ್ಟಣಗಳಲ್ಲಿ ಗೋಡೆಯಲ್ಲಿ ತಿರುಗುವ ತೊಟ್ಟಿಲು ಇರುತ್ತಿತ್ತು. ಇದು ಸಿಕ್ಕಾಗ ಮನೆಯವರಿಗೆ ಹೇಗೆ ಹೇಳುವುದು ಎಂದು ಮೊದಲೇ ಯೋಚಿಸಿಡಿ.

ಸಂಕ್ಷಿಪ್ತಗಳು ಎಲ್ಲರನ್ನೂ ಎಡವಿಸುತ್ತವೆ. 7 ಎಂಬ ಅಂಕಿಯ ಪಕ್ಕ 'ಬ್ರೊ' ಎಂದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. 8 ಇದ್ದರೆ ಅಕ್ಟೋಬರ್, 9 ಇದ್ದರೆ ನವೆಂಬರ್, ರೋಮನ್ ಹತ್ತು ಇದ್ದರೆ ಡಿಸೆಂಬರ್. ರೊಡ್ರಿಗೆಸ್ ಅನ್ನು ರೊಯಿಜ್ ಎಂದು ಮೊಟಕಾಗಿ ಬರೆದಿರುತ್ತಾರೆ.

ಹೆಜ್ಜೆ 6: ಮದುವೆಯ ಪುಸ್ತಕವನ್ನೇ ಬೆನ್ನೆಲುಬು ಮಾಡಿಕೊಳ್ಳಿ

ನನ್ನ ಅನುಭವದಲ್ಲಿ ಜ್ಞಾನಸ್ನಾನದಿಂದ ಜ್ಞಾನಸ್ನಾನಕ್ಕೆ ಹಾರುವವರು ದಾರಿ ತಪ್ಪುತ್ತಾರೆ. ಜ್ಞಾನಸ್ನಾನ ಸಿಕ್ಕಿತೇ? ಅಪ್ಪ ಅಮ್ಮನ ಮದುವೆ ಹುಡುಕಿ, ಮೊದಲ ಮಗುವಿನಿಂದ ಹಿಂದಕ್ಕೆ. ಹುಡುಗಿಯ ಊರಿನಲ್ಲಿ ಮೊದಲು ನೋಡಿ. ಮದುವೆಯ ನಮೂದಿನಲ್ಲಿ ಇಬ್ಬರ ತಂದೆತಾಯಿಯ ಹೆಸರೂ ಊರೂ ಇರುವುದರಿಂದ ಎರಡು ಹೊಸ ದಾರಿಗಳು ಖಚಿತವಾಗಿ ತೆರೆಯುತ್ತವೆ.

ಮದುವೆಯ ಪುಟದಲ್ಲೇ ಇನ್ನೊಂದು ನಿಧಿ ಇದೆ. ಚಿಕ್ಕ ದ್ವೀಪ, ಚಿಕ್ಕ ಊರು. ಬಂಧುಗಳೊಳಗೇ ಸಂಬಂಧ ಬೆಳೆಯುತ್ತಿತ್ತು. ನಮ್ಮಲ್ಲಿ ಸೋದರಿಕೆಗೆ ಆದ್ಯತೆ ಇದ್ದರೆ ಅವರಲ್ಲಿ ಅದಕ್ಕೆ ಇಗರ್ಜಿಯ ವಿನಾಯಿತಿ ಬೇಕಿತ್ತು. ಅದನ್ನು ಪಾದ್ರಿ ಬರೆಯುತ್ತಿದ್ದರು. ಎರಡನೇ ದರ್ಜೆ ಎಂದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ. ಮೂರನೇ ದರ್ಜೆ ಎಂದರೆ ಮುತ್ತಜ್ಜ ಮುತ್ತಜ್ಜಿ. ನಾಲ್ಕನೆಯದು ಅದಕ್ಕಿಂತ ಒಂದು ತಲೆ ಮೇಲೆ. ಪುಸ್ತಕಗಳು ಹರಿದಿರುವ ಕಾಲದಲ್ಲೂ ಈ ಒಂದು ಸಾಲು ಎರಡು ಕೊಂಬೆಗಳನ್ನು ಕೂಡಿಸಿಕೊಡುತ್ತದೆ. ಇದೇ ಕಾರಣಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಅಜೋರ್ಸ್ ಮೂಲದವರಲ್ಲಿ ದೂರದ ಬಂಧುಗಳೂ ಹತ್ತಿರದವರಂತೆ ತೋರುತ್ತಾರೆ. ಆ ಲೆಕ್ಕವನ್ನು ಕಾಗದದ ಜೊತೆ ತಾಳೆ ಹಾಕಿಯೇ ಒಪ್ಪಬೇಕು.

ಸಾವಿನ ಪುಸ್ತಕದಲ್ಲಿ ವಯಸ್ಸಿನ ಮುಂದೆ 'ಪೊಕೊ ಮಾಯ್ಸ್ ಒ ಮೆನೊಸ್' ಎಂದಿದ್ದರೆ ಹೆಚ್ಚುಕಡಿಮೆ ಎಂದರ್ಥ. ಐದು ಹತ್ತು ವರ್ಷ ಆಚೀಚೆ ಇಟ್ಟುಕೊಳ್ಳಿ.

ಹೆಜ್ಜೆ 7: ದಾರಿ ಮುಚ್ಚಿದಾಗ

ಈ ದ್ವೀಪಗಳ ಮೇಲೆ ಬೆಂಕಿಯೂ ಶತ್ರುವೂ ಬಂದು ಹೋಗಿವೆ. 1522ರ ಅಕ್ಟೋಬರ್ 22ರ ಭೂಕಂಪದಲ್ಲಿ ಗುಡ್ಡ ಕುಸಿದು ಸಾವೊ ಮಿಗೆಲ್‌ನ ಆಗಿನ ಮುಖ್ಯ ಪಟ್ಟಣ ವಿಲಾ ಫ್ರಾಂಕಾ ಹೂತುಹೋಯಿತು. 1597ರಲ್ಲಿ ಇಂಗ್ಲಿಷರ ನೌಕಾಪಡೆ ಹೊರ್ತಾವನ್ನು ಸುಟ್ಟಿತು. ಕೆಲವು ಊರುಗಳ ಪುಸ್ತಕ ತಡವಾಗಿ ಶುರುವಾಗುತ್ತದೆ, ನಡುವೆ ಖಾಲಿ ಬೀಳುತ್ತದೆ. ಊರು ಆಗ ಬೇರೊಂದು ಇಗರ್ಜಿಗೆ ಸೇರಿತ್ತೇ ಎಂದು ಮೊದಲು ನೋಡಿ. ದೊಡ್ಡ ಊರಿನಿಂದ ಒಡೆದು ಆದ ಫ್ರೆಗೆಸಿಯಾಗಳು ಬಹಳ. ಆಮೇಲೆ ಎದುರಿನ ದ್ವೀಪ ನೋಡಿ. ಪಿಕೊ ಮತ್ತು ಫಯಾಲ್ ನಡುವೆ ಕಿರಿದಾದ ಕಾಲುವೆಯಷ್ಟೇ ಇರುವುದರಿಂದ ಕೊಟ್ಟು ತರುವ ಸಂಬಂಧ ಸದಾ ಇತ್ತು. ಉಯಿಲು, ನೋಟರಿ ಪತ್ರ, ಪಾಸ್‌ಪೋರ್ಟ್ ಅರ್ಜಿಗಳು ಪತ್ರಾಗಾರಗಳಲ್ಲಿವೆ. ಮೊದಮೊದಲು ನೆಲೆಸಿದವರ ವಿಷಯಕ್ಕೆ 16ನೇ ಶತಮಾನದ ಪಾದ್ರಿ ಗಾಸ್ಪರ್ ಫ್ರುತುವೊಸೊ ಬರೆದಿಟ್ಟ ವಂಶವಿವರಗಳು ನೆರವಿಗೆ ಬರುತ್ತವೆ, ಆದರೆ ಅವು ಹೆಚ್ಚಾಗಿ ಉಳ್ಳವರವು.

ಬರೆದಿಡುವಾಗ ಪ್ರತಿ ಹೆಸರಿನ ಮುಂದೆ ದ್ವೀಪ, ಊರು, ಪುಸ್ತಕದ ವರ್ಷ, ನಮೂದಿನ ಸಂಖ್ಯೆ, ಚಿತ್ರದ ಸಂಖ್ಯೆ ಹಾಕಿ. ಚಿತ್ರವನ್ನು ಇಳಿಸಿಕೊಂಡು ಇಟ್ಟುಕೊಳ್ಳಿ.

ಊರಿಗೇ ಹೋಗುವುದಾದರೆ

ಬೇಸಿಗೆಯಲ್ಲಿ ಹೋಗಿ. ಫಯಾಲ್, ಪಿಕೊ, ಸಾವೊ ಜೊರ್ಜೆ ಮೂರಕ್ಕೂ ಫೆರ್ರಿ ದೋಣಿ ಓಡಾಡುತ್ತದೆ. ಉರ್ಜೆಲಿನಾದಲ್ಲಿ 1808ರ ಲಾವಾ ಹಳೆಯ ಇಗರ್ಜಿಯನ್ನು ನುಂಗಿ ಗಂಟೆಗೋಪುರವನ್ನು ಮಾತ್ರ ಬಿಟ್ಟಿದೆ. ಸೊಸೆ ಮತ್ತು ಮೊಮ್ಮಗನ ಜೊತೆ ನಾನು ಅದರ ಬುಡದಲ್ಲಿ ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಸಿಲ್ವೈರಾ ಮನೆಯವರು ಯಾರಿದ್ದಾರೆ ಎಂದು ಕೇಳಿದರೆ, ಊರೆಲ್ಲ ಸಿಲ್ವೈರಾಗಳೇ ಎಂದರು. ಹಬ್ಬದ ದಿನ ಆ ಅಜ್ಜಿ ಗುರುತು ಹಿಡಿದ ಅಡ್ಡಹೆಸರನ್ನು ಸೊಸೆ ಹೇಳಿದಳು. ಅಂಗಡಿಯವರು ಗಲ್ಲಾ ಬಿಟ್ಟು ಎದ್ದುಬಂದು, ರಸ್ತೆಯ ಆಚೆಗಿದ್ದ ಕಪ್ಪುಕಲ್ಲಿನ ಮನೆಯ ಕಡೆ ಕೈ ತೋರಿಸಿದರು.